ಶಿಲುಬೆಯಲ್ಲಿ ಪ್ರೀತಿಯೂ ಇದೆ, ನ್ಯಾಯವೂ ಇದೆ



ಬೆಟ್ಟ ಹತ್ತಲು ಬರುವ ಭಕ್ತಾದಿಗಳಲ್ಲಿ ಬಗೆಬಗೆಯ ಜನ ಇರುತ್ತಾರೆ. ಮಗುವಿನ ಕಾಯಿಲೆ ವಾಸಿಯಾಯಿತು ಅಂತ ಹರಕೆ ತೀರಿಸಲು ಬಂದವರು, ಮಗಳಿಗೆ ಒಳ್ಳೆಯ ಸಂಬಂಧ ಕೂಡಿ ಬರಲಿ ಅಂತ ಬೇಡಿಕೊಳ್ಳುವವರು, ಪರೀಕ್ಷೆ ಬರೆದ ಹುಡುಗರು, ಕೋರ್ಟಿನಲ್ಲಿ ಕೇಸು ನಡೆಯುತ್ತಿರುವವರು ಎಲ್ಲರೂ ಬರುತ್ತಾರೆ. ಇವರ ನಡುವೆ ಇನ್ನೆರಡು ಬಗೆಯ ಯಾತ್ರಿಕರಿದ್ದಾರೆ. ಕೆಲವರು ಯಾರಿಗೂ ಹೇಳಿಕೊಳ್ಳಲಾಗದ ಒಂದು ತಪ್ಪನ್ನು ಎದೆಯಲ್ಲಿಟ್ಟುಕೊಂಡು ಹತ್ತುತ್ತಾರೆ. ಇನ್ನು ಕೆಲವರು ತಮಗೆ ಬೇರೆಯವರು ಮಾಡಿದ ಅನ್ಯಾಯವನ್ನು ಮರೆಯಲಾರದೆ ಹತ್ತುತ್ತಾರೆ.

ಮೊದಲನೆಯವರ ಪ್ರಶ್ನೆ ಒಂದೇ: "ದೇವರು ನನ್ನನ್ನು ಕ್ಷಮಿಸುತ್ತಾನಾ?" ಎರಡನೆಯವರ ಪ್ರಶ್ನೆಯೂ ಒಂದೇ: "ದೇವರು ಅವನನ್ನು ಸುಮ್ಮನೆ ಬಿಟ್ಟುಬಿಡುತ್ತಾನಾ?" ಮೊದಲನೆಯ ಪ್ರಶ್ನೆ ದೇವರ ಪ್ರೀತಿಯನ್ನು ಕುರಿತದ್ದು. ಎರಡನೆಯದು ದೇವರ ನ್ಯಾಯವನ್ನು ಕುರಿತದ್ದು. ಎರಡಕ್ಕೂ ಧರ್ಮಸಭೆ ತೋರಿಸುವ ಉತ್ತರ ಒಂದೇ, ಅದು ಶಿಲುಬೆ. ಈ ಪಾಠವನ್ನು ಹತ್ತುವ ಮೊದಲು ನೆರಳಿನಲ್ಲಿ ಕುಳಿತು ಓದಬಹುದು. ಇಲ್ಲವೇ ಮನೆಗೆ ಹೋದ ಮೇಲೆ ಕುಟುಂಬದವರೆಲ್ಲ ಕೂಡಿ ಓದಬಹುದು.

1. ಬಲಿ ಎಂದರೇನು?

ಹಳ್ಳಿಯಲ್ಲಿ ಬೆಳೆದವರಿಗೆ ಬಲಿ ಎಂದ ಕೂಡಲೇ ಕುರಿ, ಕೋಳಿ ಕಣ್ಣ ಮುಂದೆ ಬರುತ್ತದೆ. ಪತ್ರಿಕೆಗಳಲ್ಲೋ "ಬಲಿಪಶು ಮಾಡಿದರು" ಎಂಬ ಮಾತು ದಿನಾ ಸಿಗುತ್ತದೆ. ಅಂದ್ರೆ, ಮಾಡಿದವನು ಒಬ್ಬ, ಸಿಕ್ಕಿಬಿದ್ದವನು ಇನ್ನೊಬ್ಬ ಎಂದರ್ಥ. ಹಾಗಾಗಿ ಯೇಸುಸ್ವಾಮಿ ನಮಗಾಗಿ ಬಲಿಯಾದರು ಎಂದು ಪ್ರಸಂಗದಲ್ಲಿ ಕೇಳಿದಾಗ ಕೆಲವರ ಮನಸ್ಸಿನಲ್ಲಿ ಒಂದು ಅನುಮಾನ ಏಳುವುದು ಸಹಜ. ದೇವರು ಕೋಪಗೊಂಡಿದ್ದ, ಯಾರದ್ದಾದರೂ ರಕ್ತ ಬೇಕಾಗಿತ್ತು, ನಿರಪರಾಧಿಯೊಬ್ಬ ಸಿಕ್ಕಿದ, ಇಷ್ಟೇನಾ? ಇದೇ ನಿಜವಾಗಿದ್ದರೆ ಅದರಲ್ಲಿ ಪ್ರೀತಿಯೂ ಇಲ್ಲ, ನ್ಯಾಯವೂ ಇಲ್ಲ. ಆದರೆ ಧರ್ಮಸಭೆಯ ಬೋಧನೆ ಇದಲ್ಲ.

ಹಳೆಯ ಒಡಂಬಡಿಕೆಯಲ್ಲಿ ಇಸ್ರಯೇಲ್ ಜನ ಬಲಿಗಳನ್ನು ಅರ್ಪಿಸುತ್ತಿದ್ದುದು ನಿಜ. ಈಜಿಪ್ಟಿನ ಗುಲಾಮಗಿರಿಯಿಂದ ಹೊರಟ ರಾತ್ರಿ ಪಾಸ್ಕದ ಕುರಿಮರಿಯನ್ನು ಕೊಯ್ದು ಅದರ ರಕ್ತವನ್ನು ಬಾಗಿಲ ಚೌಕಟ್ಟಿಗೆ ಹಚ್ಚಿದರು. ಇದು ವಿಮೋಚನಾಕಾಂಡದ 12ನೇ ಅಧ್ಯಾಯದಲ್ಲಿದೆ. ಯಾಜಕಕಾಂಡದ 16ನೇ ಅಧ್ಯಾಯದಲ್ಲಿ ವರ್ಷಕ್ಕೊಮ್ಮೆ ಬರುವ ಪ್ರಾಯಶ್ಚಿತ್ತದ ದಿನದ ವಿಧಿ ಇದೆ. ಆ ದಿನ ಎರಡು ಹೋತಗಳನ್ನು ತರುತ್ತಿದ್ದರು. ಒಂದನ್ನು ಬಲಿ ಕೊಡುತ್ತಿದ್ದರು. ಇನ್ನೊಂದರ ತಲೆಯ ಮೇಲೆ ಪ್ರಧಾನ ಯಾಜಕ ಎರಡೂ ಕೈ ಇಟ್ಟು ಜನರ ಪಾಪಗಳನ್ನೆಲ್ಲ ಹೇಳಿ ಅದನ್ನು ಅಡವಿಗೆ ಅಟ್ಟಿಸುತ್ತಿದ್ದ. ಪಾಪ ಎಂಬುದು ಬಾಯಿ ಮಾತಿಗೆ ಕರಗಿ ಹೋಗುವಂಥದ್ದಲ್ಲ, ಅದಕ್ಕೆ ಭಾರವಿದೆ, ಯಾರಾದರೂ ಅದನ್ನು ಹೊರಲೇಬೇಕು ಎಂಬುದನ್ನು ಈ ವಿಧಿ ಕಣ್ಣಿಗೆ ಕಾಣುವಂತೆ ಕಲಿಸುತ್ತಿತ್ತು.

ಆದರೆ ಬಲಿ ಕೊಟ್ಟು ಬಂದ ಮನುಷ್ಯ ಸಂತೆಯಲ್ಲಿ ಮತ್ತೆ ಸುಳ್ಳು ತಕ್ಕಡಿ ಹಿಡಿದರೆ? ವಿಧವೆಯ ಹೊಲವನ್ನು ಒತ್ತುವರಿ ಮಾಡಿದರೆ? ಪ್ರವಾದಿಗಳು ಇದನ್ನು ಕಟುವಾಗಿ ಖಂಡಿಸಿದರು. ದೇವರಿಗೆ ಬೇಕಾದದ್ದು ದಹನಬಲಿಯಲ್ಲ, ದಯೆ ಎಂದು ಹೊಶೇಯ ಪ್ರವಾದಿ ಸಾರಿದ. ಸುಂಕದ ಕಟ್ಟೆಯ ಮತ್ತಾಯನ ಮನೆಯಲ್ಲಿ ಊಟಕ್ಕೆ ಕುಳಿತಾಗ ಯೇಸುವೂ ಅದೇ ಮಾತನ್ನು ನೆನಪಿಸಿದರು. ಕ್ರಿ.ಶ. 70ರಲ್ಲಿ ರೋಮನ್ ಸೇನೆ ಜೆರುಸಲೇಮ್ ದೇವಾಲಯವನ್ನು ಕೆಡವಿತು. ಅಲ್ಲಿಗೆ ಆ ಪ್ರಾಣಿಬಲಿಗಳೂ ನಿಂತವು.

ಹೋತಕ್ಕೆ ಆಯ್ಕೆ ಇರಲಿಲ್ಲ. ಹಗ್ಗ ಕಟ್ಟಿ ಎಳೆದರು, ಬಂತು. ಯೇಸುಸ್ವಾಮಿಯ ಬಲಿ ಹಾಗಲ್ಲ. ತಮ್ಮ ಪ್ರಾಣವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ತಾವೇ ಮನಸ್ಸಾರೆ ಕೊಡುತ್ತಿರುವುದಾಗಿ ಅವರು ಮೊದಲೇ ತಿಳಿಸಿದ್ದರು (ಯೊವಾನ್ನ, 10ನೇ ಅಧ್ಯಾಯ). ಕ್ರೈಸ್ತರ ಅರ್ಥದಲ್ಲಿ ಬಲಿ ಎಂದರೆ ಮೊದಲಿಗೆ ಸಾವಲ್ಲ, ಸಮರ್ಪಣೆ. ಆ ಸಮರ್ಪಣೆ ಸಾವಿನವರೆಗೂ ಹೋಯಿತು, ಅಷ್ಟೇ.

2. ಸುಮ್ಮನೆ ಕ್ಷಮಿಸಿದ್ದರೆ ಆಗುತ್ತಿರಲಿಲ್ಲವೇ?

ಇದು ಬಹಳ ಜನ ಕೇಳುವ ಪ್ರಶ್ನೆ. ದೇವರು ಸರ್ವಶಕ್ತ ತಾನೇ? "ಹೋಗಲಿ ಬಿಡು" ಅಂದಿದ್ದರೆ ಮುಗಿಯುತ್ತಿತ್ತಲ್ಲ?

ಉತ್ತರಕ್ಕೆ ಯೇಸುವೇ ಹೇಳಿದ ಒಂದು ಸಾಮತಿಯನ್ನು ನೋಡೋಣ. ಅದು ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿದೆ. ಒಬ್ಬ ಸೇವಕ ತನ್ನ ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿತ್ತು. ಇದೇ ಸೇವಕನಿಗೆ ಅವನ ಜೊತೆಗಾರ ನೂರು ದಿನಾರಿ ಕೊಡಬೇಕಿತ್ತು. ಆ ಕಾಲದಲ್ಲಿ ಒಂದು ದಿನಾರಿ ಎಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಲೆಕ್ಕ ಹಾಕಿ ನೋಡಿ. ಜೊತೆಗಾರನ ಸಾಲ 100 ದಿನದ ಕೂಲಿ. ಸೇವಕನ ಸಾಲ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದು ಒಂದು ಪೈಸೆಯನ್ನೂ ಖರ್ಚು ಮಾಡದೆ ಕೊಟ್ಟರೂ ತೀರಲು 2 ಲಕ್ಷ ವರ್ಷ ಬೇಕು. ತೀರಿಸುತ್ತೇನೆ, ಸ್ವಲ್ಪ ತಾಳಿ ಎಂದು ಸೇವಕ ಕಾಲಿಗೆ ಬಿದ್ದದ್ದು ಆಗದ ಮಾತು. ಅರಸನಿಗೂ ಅದು ಗೊತ್ತಿತ್ತು. ಆದರೂ ಕನಿಕರಪಟ್ಟು ಎಲ್ಲವನ್ನೂ ಮನ್ನಾ ಮಾಡಿದ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಮನ್ನಾ ಮಾಡಿದ ಕೂಡಲೇ ಆ ನಷ್ಟ ಗಾಳಿಗೆ ಹಾರಿಹೋಯಿತೇ? ಇಲ್ಲ. ಹತ್ತು ಸಾವಿರ ತಲಾಂತು ಖಜಾನೆಯಿಂದ ಹೋದದ್ದು ಹೋದದ್ದೇ. ಸೇವಕ ಹೊರಬೇಕಾದ ನಷ್ಟವನ್ನು ಅರಸನೇ ಹೊತ್ತುಕೊಂಡ. ಯಾವ ಕ್ಷಮೆಯೂ ಪುಕ್ಕಟೆ ಅಲ್ಲ. ಪಡೆದವನಿಗೆ ಪುಕ್ಕಟೆ, ಕೊಟ್ಟವನಿಗೆ ಅಲ್ಲ. ಮನೆಯಲ್ಲೇ ನೋಡಿ. ಕುಡಿದು ಹಣ ಕಳೆದ ಮಗನನ್ನು ತಾಯಿ ಕ್ಷಮಿಸಿದರೆ, ಆ ತಿಂಗಳು ಮನೆ ನಡೆಸುವ ಕಷ್ಟ ತಾಯಿಯದ್ದೇ ಆಗುತ್ತದೆ. ಮಗನಿಗೆ ಅದು ಕಾಣದೆಯೂ ಇರಬಹುದು.

ಶಿಲುಬೆ ಎಂದರೆ ಇದೇ. ಮನುಷ್ಯನ ಪಾಪದ ನಷ್ಟವನ್ನು ದೇವರು ಬೇರೆ ಯಾರ ಮೇಲೋ ಹಾಕಲಿಲ್ಲ. ತಾನೇ ಮನುಷ್ಯನಾಗಿ ಬಂದು ಹೊತ್ತುಕೊಂಡ. ಪಾಪವನ್ನು ಪಾಪವೆಂದೇ ಕರೆದದ್ದರಿಂದ ಅದು ನ್ಯಾಯ. ಅದರ ಬೆಲೆಯನ್ನು ತಾನೇ ತೆತ್ತದ್ದರಿಂದ ಅದು ಪ್ರೀತಿ.

3. ಧರ್ಮಸಭೆಯ ಪಂಡಿತರು ಏನು ಹೇಳಿದರು?

ಸುಮಾರು 900 ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಹಿಡಿದು ಒಬ್ಬ ಸಂತರು ಒಂದು ಗ್ರಂಥವನ್ನೇ ಬರೆದರು. ಅವರೇ ಸಂತ ಅನ್ಸೆಲ್ಮರು (1033-1109). ಇಟಲಿಯ ಆವೊಸ್ತಾ ಊರಿನಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಸನ್ಯಾಸಿಯಾಗಿ, 1093ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾದರು. ಅಲ್ಲಿನ ದೊರೆಯೊಂದಿಗೆ ಮನಸ್ತಾಪ ಬಂದು ದೇಶ ಬಿಟ್ಟು ಹೋಗಬೇಕಾಯಿತು. ಇಟಲಿಯ ಕಪುವಾ ಪಟ್ಟಣದ ಸಮೀಪ ಒಂದು ಬೆಟ್ಟದ ಹಳ್ಳಿಯಲ್ಲಿ ತಂಗಿದ್ದಾಗ 1098ರಲ್ಲಿ ಆ ಗ್ರಂಥವನ್ನು ಮುಗಿಸಿದರು. ದೇವರು ಮನುಷ್ಯನಾದದ್ದೇಕೆ ಎಂಬುದೇ ಅದರ ಹೆಸರು. ಬೋಸೋ ಎಂಬ ಶಿಷ್ಯ ಪ್ರಶ್ನೆ ಕೇಳುವುದು, ಗುರು ಉತ್ತರ ಕೊಡುವುದು, ಹೀಗೆ ಅದು ಸಾಗುತ್ತದೆ.

ಅನ್ಸೆಲ್ಮರ ವಾದ ಸರಳವಾಗಿ ಹೀಗಿದೆ. ಪಾಪ ಎಂದರೆ ದೇವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸದೆ ಇರುವುದು. ತಪ್ಪು ಮಾಡಿದವನು ಮನುಷ್ಯ, ಆದ್ದರಿಂದ ಸರಿಪಡಿಸಬೇಕಾದವನೂ ಮನುಷ್ಯನೇ. ಆದರೆ ಮನುಷ್ಯನಲ್ಲಿರುವುದೆಲ್ಲ ಮೊದಲೇ ದೇವರದ್ದು. ಹೆಚ್ಚುವರಿಯಾಗಿ ಕೊಡಲು ಅವನ ಬಳಿ ಏನೂ ಇಲ್ಲ. ಕೊಡಬೇಕಾದವನು ಮನುಷ್ಯ, ಕೊಡಬಲ್ಲವನು ದೇವರೊಬ್ಬನೇ. ಹಾಗಾಗಿ ದೇವರೂ ಮನುಷ್ಯನೂ ಆಗಿರುವ ಒಬ್ಬರೇ ಅದನ್ನು ಮಾಡಬೇಕಾಯಿತು. ಅವರೇ ಯೇಸುಕ್ರಿಸ್ತರು.

ಅನ್ಸೆಲ್ಮರ ನಂತರ ಬಂದ ಪೀಟರ್ ಅಬೆಲಾರ್ಡ್ (1079-1142) ಎಂಬ ಪಂಡಿತರು ಬೇರೊಂದು ಕಡೆಯಿಂದ ನೋಡಿದರು. ಶಿಲುಬೆಯ ಮೇಲೆ ಕಂಡ ಪ್ರೀತಿ ಮನುಷ್ಯನ ಕಲ್ಲು ಹೃದಯವನ್ನು ಕರಗಿಸಿ ಅವನಲ್ಲೂ ಪ್ರೀತಿ ಹುಟ್ಟಿಸುತ್ತದೆ ಎಂಬುದಕ್ಕೆ ಅವರು ಹೆಚ್ಚು ಒತ್ತು ಕೊಟ್ಟರು.

ಮುಂದೆ ಸಂತ ಥಾಮಸ್ ಅಕ್ವಿನಾಸರು (1225-1274) ಎರಡನ್ನೂ ಸೇರಿಸಿ ತೂಕವಾಗಿ ಹೇಳಿದರು. ದೇವರು ಮನಸ್ಸು ಮಾಡಿದ್ದರೆ ಯಾವ ಪರಿಹಾರವನ್ನೂ ಕೇಳದೆ ಕ್ಷಮಿಸಬಹುದಿತ್ತು. ನ್ಯಾಯಾಧೀಶನಿಗೆ ಹಾಗೆ ಮಾಡಲಾಗದು, ಯಾಕೆಂದರೆ ನೊಂದವನು ಬೇರೆ ಒಬ್ಬ. ಆದರೆ ದೇವರಿಗೆ ಮೇಲಿನವರು ಯಾರೂ ಇಲ್ಲ. ತನ್ನ ವಿರುದ್ಧ ಮಾಡಿದ ತಪ್ಪನ್ನು ತಾನೇ ಮನ್ನಿಸಿದರೆ ಅದು ಅನ್ಯಾಯವಾಗದು. ಆದರೂ ದೇವರು ಶಿಲುಬೆಯ ಹಾದಿಯನ್ನೇ ಆರಿಸಿಕೊಂಡ. ಯಾಕೆ? ತಾನು ಎಷ್ಟು ಪ್ರೀತಿಸುತ್ತೇನೆ ಎಂಬುದು ಮನುಷ್ಯನಿಗೆ ಗೊತ್ತಾಗಲಿ ಎಂದು. ವಿಧೇಯತೆ, ತಾಳ್ಮೆ, ನೀತಿ ಹೇಗಿರಬೇಕು ಎಂಬುದಕ್ಕೆ ಮಾದರಿ ಸಿಗಲಿ ಎಂದು. ಸೋತ ಮನುಷ್ಯ ಕುಲವೇ ಎದ್ದು ನಿಂತು ಗೆಲ್ಲುವ ಗೌರವ ಪಡೆಯಲಿ ಎಂದು. ಹಾಗಾದರೆ ಶಿಲುಬೆ ದೇವರಿಗಿದ್ದ ಕಟ್ಟುಪಾಡಲ್ಲ, ದೇವರು ಮಾಡಿದ ಆಯ್ಕೆ.

4. ಎರಡು ತಪ್ಪು ತಿಳಿವಳಿಕೆ

ಮೊದಲನೆಯದು: ತಂದೆ ಕೋಪಿಷ್ಠ, ಮಗ ಕರುಣಾಮಯಿ, ಮಗ ಅಡ್ಡ ಬಂದು ನಮ್ಮನ್ನು ತಂದೆಯ ಕೈಯಿಂದ ಬಿಡಿಸಿದ ಎಂದು ಕೆಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಪಿತ, ಸುತ, ಪವಿತ್ರಾತ್ಮ ಒಂದೇ ದೇವರು, ಒಂದೇ ಮನಸ್ಸು. ಲೋಕವನ್ನು ಪ್ರೀತಿಸಿದ್ದಕ್ಕಾಗಿಯೇ ಪಿತನು ಮಗನನ್ನು ಕೊಟ್ಟನು ಎಂದು ಸಂತ ಯೊವಾನ್ನ ಬರೆದಿದ್ದಾರೆ. ಮೊದಲು ಬಂದದ್ದು ಪ್ರೀತಿ, ಶಿಲುಬೆ ಅದರ ಫಲ. ಶಿಲುಬೆ ಆದ ಮೇಲೆ ದೇವರು ಪ್ರೀತಿಸಲು ಶುರುಮಾಡಿದ್ದಲ್ಲ.

ಎರಡನೆಯದು: ದೇವರ ಯೋಜನೆಯೇ ಹಾಗಿತ್ತು, ಹಾಗಂದ ಮೇಲೆ ಯೂದ, ಕಾಯಫ, ಪಿಲಾತ ಇವರ ತಪ್ಪೇನು ಎಂದು ಕೆಲವರು ಕೇಳುತ್ತಾರೆ. ತಪ್ಪು ತಪ್ಪೇ. ಸುಳ್ಳು ಸಾಕ್ಷಿ ಹೇಳಿಸಿದ್ದು ಪಾಪ. ಈ ಮನುಷ್ಯನಲ್ಲಿ ಅಪರಾಧ ಕಾಣುತ್ತಿಲ್ಲ ಎಂದು ತನ್ನ ಬಾಯಲ್ಲೇ ಹೇಳಿ, ಕುರ್ಚಿ ಉಳಿಸಿಕೊಳ್ಳಲು ಮರಣದಂಡನೆ ಕೊಟ್ಟ ಪಿಲಾತ ಮಾಡಿದ್ದು ಅನ್ಯಾಯ. ಕೇಡು ಮನುಷ್ಯನದ್ದು. ಆ ಕೇಡಿನ ನಡುವೆಯೂ ನಿಂತ ಪ್ರೀತಿ ಕ್ರಿಸ್ತರದ್ದು. ಲೋಕವನ್ನು ಉದ್ಧಾರ ಮಾಡಿದ್ದು ಆ ಪ್ರೀತಿ.

ಇದನ್ನು ಅರ್ಥ ಮಾಡಿಕೊಳ್ಳಲು ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ ಅವರ ಜೀವನ ನೆರವಾಗುತ್ತದೆ. ಅವರು ಪೋಲೆಂಡ್ ದೇಶದ ಫ್ರಾನ್ಸಿಸ್ಕನ್ ಗುರುಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಅವರನ್ನು ಆಶ್ವಿಟ್ಸ್ ಸೆರೆಶಿಬಿರಕ್ಕೆ ಹಾಕಿದರು. 1941ರ ಜುಲೈ ಕೊನೆಯಲ್ಲಿ ಒಬ್ಬ ಕೈದಿ ಕಾಣೆಯಾದ. ಅದಕ್ಕೆ ಪ್ರತಿಯಾಗಿ ಹತ್ತು ಜನರನ್ನು ಅನ್ನ ನೀರು ಕೊಡದೆ ಸಾಯಿಸಲು ಅಧಿಕಾರಿ ಆರಿಸಿದ. ಅವರಲ್ಲಿ ಒಬ್ಬ ಸೈನಿಕ ಹೆಂಡತಿ ಮಕ್ಕಳನ್ನು ನೆನೆದು ಅತ್ತ. ಕೋಲ್ಬೆ ಗುರುಗಳು ಸಾಲಿನಿಂದ ಮುಂದೆ ಬಂದು, ಅವನ ಬದಲು ತಾವು ಹೋಗುವುದಾಗಿ ಕೇಳಿಕೊಂಡರು. ಅಧಿಕಾರಿ ಒಪ್ಪಿದ. ಎರಡು ವಾರ ಕಳೆದರೂ ಅವರಿಗೆ ಜೀವವಿತ್ತು. ಆಗಸ್ಟ್ 14ರಂದು ವಿಷದ ಸೂಜಿ ಚುಚ್ಚಿ ಕೊಂದರು. ಬದುಕುಳಿದ ಆ ಸೈನಿಕ 1995ರವರೆಗೂ ಬಾಳಿದ. 1982ರ ಅಕ್ಟೋಬರ್ 10ರಂದು ರೋಮಿನಲ್ಲಿ ಕೋಲ್ಬೆ ಅವರನ್ನು ಸಂತರೆಂದು ಸಾರಿದಾಗ ಆತನೂ ಅಲ್ಲಿದ್ದ.

ಆ ಶಿಬಿರದಲ್ಲಿ ಕೊಲ್ಲಬೇಕೆಂದು ಬಯಸಿದವರು ನಾಜಿಗಳು, ದೇವರಲ್ಲ. ಆದರೆ ಕೊಲ್ಲುವವರ ಕೈಯಲ್ಲೂ ಕಸಿಯಲಾಗದ ಒಂದು ವಸ್ತು ಕೋಲ್ಬೆ ಅವರ ಬಳಿ ಇತ್ತು. ಅದನ್ನು ಅವರು ಮನಸ್ಸಾರೆ ಇನ್ನೊಬ್ಬನಿಗೆ ಕೊಟ್ಟರು. ಗೊಲ್ಗೊಥಾ ಬೆಟ್ಟದಲ್ಲಿ ಯೇಸುಸ್ವಾಮಿ ಎಲ್ಲರಿಗಾಗಿ ಮಾಡಿದ್ದನ್ನು ಅವರ ಸೇವಕರು ಒಬ್ಬನಿಗಾಗಿ ಮಾಡಿದರು.

5. ಕ್ಷಮೆ ಎಂದರೆ ನ್ಯಾಯವನ್ನು ಕೈಬಿಡುವುದಲ್ಲ

ಅನ್ಯಾಯಕ್ಕೆ ಒಳಗಾದವರ ಪ್ರಶ್ನೆಗೆ ಈಗ ಬರೋಣ. ದೇವರು ಅವನನ್ನು ಸುಮ್ಮನೆ ಬಿಟ್ಟುಬಿಡುತ್ತಾನಾ?

ಇದಕ್ಕೆ ನಮ್ಮ ದೇಶದಲ್ಲೇ ಒಂದು ಸಾಕ್ಷಿ ಇದೆ. ಪುಣ್ಯವತಿ ಸಿಸ್ಟರ್ ರಾಣಿ ಮರಿಯ 1954ರಲ್ಲಿ ಕೇರಳದ ಪುಲ್ಲುವಳಿಯಲ್ಲಿ ಹುಟ್ಟಿದವರು. ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಕನ್ಯಾಸ್ತ್ರೀ. ಮಧ್ಯಪ್ರದೇಶದ ಉದಯನಗರದಲ್ಲಿ ಆದಿವಾಸಿ ಕೂಲಿಕಾರರ ನಡುವೆ ಕೆಲಸ ಮಾಡುತ್ತಿದ್ದರು. ಬಡ್ಡಿ ಸಾಲದಿಂದ ಜನ ಬಿಡಿಸಿಕೊಳ್ಳಲಿ, ಉಳಿತಾಯ ಮಾಡಲಿ, ಸರ್ಕಾರದಿಂದ ಬರಬೇಕಾದ್ದನ್ನು ಕೇಳಿ ಪಡೆಯಲಿ ಎಂದು ಕಲಿಸಿದರು. ಇದು ಕೆಲವರ ಕಣ್ಣು ಕೆಂಪಾಗಿಸಿತು. 1995ರ ಫೆಬ್ರವರಿ 25ರಂದು ಇಂದೋರಿಗೆ ಹೊರಟಿದ್ದ ಬಸ್ಸಿನಲ್ಲಿ, ನಾಚನ್‌ಬೋರ್ ಬೆಟ್ಟದ ಬಳಿ, ಒಬ್ಬ ಯುವಕ ಜನರ ಎದುರೇ ಅವರನ್ನು ಚಾಕುವಿನಿಂದ ಇರಿದು ಕೊಂದ. ದೇಹದ ಮೇಲೆ 54 ಗಾಯಗಳಿದ್ದವು. ವಯಸ್ಸು 41.

ಕೊಂದವನಿಗೆ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. 2002ರ ರಕ್ಷಾಬಂಧನದ ದಿನ ರಾಣಿ ಮರಿಯ ಅವರ ಒಡಹುಟ್ಟಿದ ತಂಗಿ, ಅವರೂ ಅದೇ ಸಭೆಯ ಸಿಸ್ಟರ್, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿ ಅಣ್ಣ ಎಂದು ಕರೆದರು. ಅವನ ಮನಸ್ಸು ತಿರುಗಿತು. ಅವನ ಬಿಡುಗಡೆಗೆ ಮನೆಯವರೂ ಒಪ್ಪಿಗೆ ಕೊಟ್ಟರು. 2006ರಲ್ಲಿ ಅವನು ಹೊರಬಂದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯ ಅವರನ್ನು ಪುಣ್ಯವತಿ ಎಂದು ಸಾರಿದಾಗ ಆ ಮನುಷ್ಯನೂ ಜನರ ನಡುವೆ ಕುಳಿತಿದ್ದ.

ಇಲ್ಲಿ ಎರಡೂ ನಡೆಯಿತು. ಕೊಲೆಯನ್ನು ಯಾರೂ ಸಣ್ಣದು ಅನ್ನಲಿಲ್ಲ. ಕಾನೂನು ತನ್ನ ಕೆಲಸ ಮಾಡಿತು, ಅವನು ವರ್ಷಗಟ್ಟಲೆ ಜೈಲಿನಲ್ಲಿದ್ದ. ಆದರೆ ಕಾನೂನಿಗೆ ಮಾಡಲಾಗದ ಒಂದು ಕೆಲಸವಿತ್ತು. ಕೊಲೆಗಾರನನ್ನು ಮತ್ತೆ ಮನುಷ್ಯನನ್ನಾಗಿ, ಅಣ್ಣನನ್ನಾಗಿ ಮಾಡುವ ಕೆಲಸ. ಅದನ್ನು ಆ ತಂಗಿಯ ಕೈ ಮಾಡಿತು. ಆ ನೋವನ್ನು ಹೊತ್ತದ್ದೂ ಅದೇ ಕೈ.

ಜಗದ್ಗುರು ಎರಡನೆಯ ಜಾನ್ ಪಾಲರು 1980ರಲ್ಲಿ ದೇವರ ಕರುಣೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ ಇದನ್ನೇ ತಿಳಿಸಿದರು. ಕ್ಷಮೆ ಎಂದರೆ ಕೇಡಿಗೆ ಸಲಿಗೆ ಕೊಡುವುದಲ್ಲ. ಆದ ಹಾನಿಯನ್ನು ಸರಿಪಡಿಸುವುದು ಕ್ಷಮೆಯೊಳಗೇ ಸೇರಿದೆ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಪಾಪನಿವೇದನೆಯ ಬಗ್ಗೆ ಇದೇ ರೀತಿ ಕಲಿಸುತ್ತದೆ. ಪಾಪ ಕ್ಷಮಿಸಲ್ಪಟ್ಟರೂ ಅದು ಮಾಡಿದ ಹಾನಿ ತಾನಾಗಿ ಸರಿಯಾಗುವುದಿಲ್ಲ. ಕದ್ದದ್ದನ್ನು ಹಿಂತಿರುಗಿಸಬೇಕು. ಕೆಡಿಸಿದ ಹೆಸರನ್ನು ಸರಿಪಡಿಸಬೇಕು.

ಸುಂಕ ವಸೂಲಿಗಾರ ಜಕ್ಕಾಯನನ್ನು ನೆನೆಯಿರಿ. ಯೇಸು ಅವನ ಮನೆಗೆ ಬಂದದ್ದು ಮೊದಲು. ಅವನು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಅಂದದ್ದು ಆಮೇಲೆ. ಕೊಟ್ಟ ಮೇಲೆ ಕ್ಷಮೆ ಸಿಕ್ಕಿದ್ದಲ್ಲ. ಸ್ನೇಹ ಸಿಕ್ಕಿದ್ದಕ್ಕೆ ಕೈ ಬಿಚ್ಚಿತು.

ಆದ್ದರಿಂದ ಪಕ್ಕದ ಹೊಲದ ಗಡಿಕಲ್ಲನ್ನು ಒಂದು ಗಜ ಸರಿಸಿದವರು ಬೆಟ್ಟದ ಮೇಲೆ ನೂರು ಮೇಣದಬತ್ತಿ ಹಚ್ಚಿದರೆ ಸಾಲದು. ಕಲ್ಲನ್ನು ಮೊದಲಿನ ಜಾಗಕ್ಕೆ ಇಡಬೇಕು. ಕೂಲಿ ಬಾಕಿ ಉಳಿಸಿಕೊಂಡವರು ಹುಂಡಿಗೆ ಹಾಕುವ ಮೊದಲು ಆಳಿಗೆ ಕೊಡಬೇಕು. ಸೊಸೆಯ ಒಡವೆಯನ್ನು ಅಡವಿಟ್ಟವರು ಬಿಡಿಸಿಕೊಡಬೇಕು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಗಂಡನ ಕೈಯಲ್ಲಿ ದಿನಾ ಹೊಡೆತ ತಿನ್ನುವ ಹೆಣ್ಣುಮಗಳಿಗೆ "ಇದು ನಿನ್ನ ಶಿಲುಬೆ, ಹೊತ್ತುಕೋ" ಎಂದು ಬುದ್ಧಿ ಹೇಳುವವರುಂಟು. ಹಾಗೆ ಹೇಳುವುದು ತಪ್ಪು. ಯೇಸುಸ್ವಾಮಿ ಶಿಲುಬೆಯನ್ನು ತಾವೇ ಎತ್ತಿಕೊಂಡರು, ಇನ್ನೊಬ್ಬರ ಹೆಗಲಿಗೆ ಹೊರಿಸಲಿಲ್ಲ. ಪ್ರಧಾನ ಯಾಜಕನ ಮನೆಯಲ್ಲಿ ಕಾವಲಾಳು ಕೆನ್ನೆಗೆ ಹೊಡೆದಾಗ ಅವರು ಸುಮ್ಮನಿರಲಿಲ್ಲ, ಯಾಕೆ ಹೊಡೆದೆ ಎಂದು ಕೇಳಿದರು. ಅಂಥ ಕಷ್ಟದಲ್ಲಿರುವವರು ಸುರಕ್ಷಿತ ಜಾಗಕ್ಕೆ ಹೋಗುವುದು, ತವರಿನವರಿಗೆ, ಗುರುಗಳಿಗೆ, ಪೊಲೀಸರಿಗೆ ತಿಳಿಸುವುದು ಪಾಪವಲ್ಲ. ಮನಸ್ಸಿನಲ್ಲಿ ಹಗೆ ಇಟ್ಟುಕೊಳ್ಳದಿರುವುದು ಕ್ಷಮೆ. ಹೊಡೆಯುವವನನ್ನು ತಡೆಯುವುದು ನ್ಯಾಯ. ಎರಡೂ ಒಟ್ಟಿಗೆ ಇರಬಹುದು.

6. ಹರಕೆ ರಕ್ಷಣೆಯ ಬೆಲೆಯಲ್ಲ

ಮಂಡಿಯೂರಿ ಮೆಟ್ಟಿಲು ಹತ್ತುವುದು, ಬರಿಗಾಲಲ್ಲಿ ನಡೆದು ಬರುವುದು, ಉಪವಾಸ ಇರುವುದು ಇವೆಲ್ಲ ಭಕ್ತಿಯ ಒಳ್ಳೆಯ ಕಾರ್ಯಗಳು. ಆದರೆ ಇವು ದೇವರಿಗೆ ಕೊಡುವ ಫೀಸಲ್ಲ. "ಇಷ್ಟು ಮಾಡಿದ್ದೇನೆ, ಇಷ್ಟು ಕೊಡು" ಎಂಬ ವ್ಯಾಪಾರ ತಂದೆ ಮಕ್ಕಳ ನಡುವೆ ಇರುವುದಿಲ್ಲ. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಕಳ್ಳನನ್ನು ನೋಡಿ. ಅವನಿಗೆ ಹರಕೆ ಸಲ್ಲಿಸಲು ಸಮಯವಿರಲಿಲ್ಲ, ಕಾಣಿಕೆ ಇರಲಿಲ್ಲ, ಕೈ ಮುಗಿಯಲೂ ಆಗುತ್ತಿರಲಿಲ್ಲ. ತನಗೆ ಆಗುತ್ತಿರುವ ಶಿಕ್ಷೆ ನ್ಯಾಯವಾದದ್ದು ಎಂದು ಒಪ್ಪಿಕೊಂಡ. ಪಕ್ಕದಲ್ಲಿರುವವರು ನಿರಪರಾಧಿ ಎಂದ. ತನ್ನನ್ನು ನೆನೆಯಿರಿ ಎಂದು ಕೇಳಿದ. ಅದೇ ದಿನ ಪರಂದಾಮದ ಮಾತು ಪಡೆದ. ಸತ್ಯವನ್ನು ಒಪ್ಪಿಕೊಂಡು ನಂಬಿಕೆಯಿಂದ ಕೈಚಾಚುವುದೇ ರಕ್ಷಣೆಯ ಬಾಗಿಲು. ಒಳ್ಳೆಯ ಕಾರ್ಯಗಳು ಆ ಬಾಗಿಲ ಒಳಗೆ ಬಂದವರ ನಡತೆ.

ಕ್ರಿಸ್ತರ ಬಲಿ ಒಂದೇ ಸಲ, ಎಲ್ಲರಿಗಾಗಿ ಆಗಿ ಮುಗಿದದ್ದು ಎಂದು ಹಿಬ್ರಿಯರಿಗೆ ಬರೆದ ಪತ್ರ ಕಲಿಸುತ್ತದೆ. ಹಾಗಾದರೆ ದಿನಾ ಬಲಿಪೂಜೆ ಯಾಕೆ ಎಂದು ಕೇಳಬಹುದು. 1562ರಲ್ಲಿ ಟ್ರೆಂಟ್ ಮಹಾಸಭೆ ಇದಕ್ಕೆ ಉತ್ತರ ಕೊಟ್ಟಿತು. ಪೂಜೆಯಲ್ಲಿ ಯೇಸು ಮತ್ತೊಮ್ಮೆ ಸಾಯುವುದಿಲ್ಲ. ಶಿಲುಬೆಯ ಮೇಲೆ ಅರ್ಪಿಸಿಕೊಂಡವರೇ ಇಲ್ಲಿಯೂ ರಕ್ತ ಸುರಿಸದೆ ಅರ್ಪಿಸಿಕೊಳ್ಳುತ್ತಾರೆ. ಬಲಿ ಅದೇ, ರೀತಿ ಬೇರೆ. ಅಂದು ಗೊಲ್ಗೊಥಾದಲ್ಲಿ ನಿಲ್ಲಲಾಗದವರು ಇಂದು ಪೀಠದ ಮುಂದೆ ನಿಲ್ಲುತ್ತಾರೆ. ಆದ್ದರಿಂದ ಬೆಟ್ಟ ಹತ್ತಿ ಬಂದವರು ಪೂಜೆಗೆ ನಿಲ್ಲದೆ ಬೇಗ ಬೇಗ ಇಳಿದು ಹೋಗಬಾರದು.

7. ಶಿಲುಬೆ ಹಾದಿಯಲ್ಲಿ ಧ್ಯಾನಿಸುವ ಬಗೆ

ಶಿಲುಬೆ ಹಾದಿಯ 14 ಸ್ಥಳಗಳ ಸಂಖ್ಯೆಯನ್ನು 1731ರಲ್ಲಿ ಜಗದ್ಗುರು ಹನ್ನೆರಡನೆಯ ಕ್ಲೆಮೆಂಟರು ನಿಗದಿ ಮಾಡಿದರು. ಜೆರುಸಲೇಮಿಗೆ ಹೋಗಲು ಶಕ್ತಿಯಿಲ್ಲದ ಬಡವರೂ ತಮ್ಮ ಊರಿನಲ್ಲೇ ಆ ಹಾದಿಯನ್ನು ನಡೆಯಲಿ ಎಂಬುದು ಈ ಭಕ್ತಿಯ ಉದ್ದೇಶ. ಈ ಪಾಠದ ಬೆಳಕಿನಲ್ಲಿ ಕೆಲವು ಸ್ಥಳಗಳಲ್ಲಿ ಹೀಗೆ ನಿಂತು ಧ್ಯಾನಿಸಬಹುದು.

ಮೊದಲನೆಯ ಸ್ಥಳ, ಪಿಲಾತನ ತೀರ್ಪು: ನಿಜ ಗೊತ್ತಿದ್ದೂ ಭಯಕ್ಕೋ ಲಾಭಕ್ಕೋ ಬಾಯಿ ಮುಚ್ಚಿಕೊಂಡ ಸಂದರ್ಭಗಳು ಯಾವುವು?

ಐದನೆಯ ಸ್ಥಳ, ಸಿರೇನಿನ ಸಿಮೋನ: ಹೊಲದಿಂದ ಬರುತ್ತಿದ್ದವನನ್ನು ಸೈನಿಕರು ಬಲವಂತವಾಗಿ ಹಿಡಿದರು. ಆದರೂ ಅವನ ಹೆಗಲು ಯೇಸುವಿಗೆ ಆಸರೆಯಾಯಿತು. ಒಲ್ಲದ ಮನಸ್ಸಿನಿಂದ ಹೊತ್ತ ಭಾರವನ್ನೂ ದೇವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ.

ಹನ್ನೊಂದನೆಯ ಸ್ಥಳ, ಮೊಳೆ ಹೊಡೆಯುವುದು: ಮೊಳೆ ಹೊಡೆದವರಿಗಾಗಿ ಯೇಸು ಪಿತನಲ್ಲಿ ಕ್ಷಮೆ ಬೇಡಿದರು. ಕ್ಷಮಿಸಲಾಗದ ಒಬ್ಬರ ಹೆಸರನ್ನು ಇಲ್ಲಿ ಮನಸ್ಸಿನಲ್ಲೇ ಹೇಳಿರಿ. ಕೂಡಲೇ ಕ್ಷಮಿಸಲು ಆಗದಿದ್ದರೆ ಚಿಂತೆಯಿಲ್ಲ. ಹೆಸರು ಹೇಳಿದ್ದೇ ಮೊದಲ ಹೆಜ್ಜೆ.

ಹನ್ನೆರಡನೆಯ ಸ್ಥಳ, ಮರಣ: ಇಲ್ಲಿ ಏನನ್ನೂ ಕೇಳಬೇಡಿರಿ. ಸ್ವಲ್ಪ ಹೊತ್ತು ಮೌನವಾಗಿರಿ.

ಹದಿನಾಲ್ಕನೆಯ ಸ್ಥಳ, ಸಮಾಧಿ: ಕಥೆ ಇಲ್ಲಿಗೆ ಮುಗಿಯಲಿಲ್ಲ. ಮೂರನೆಯ ದಿನ ಸಮಾಧಿ ಬರಿದಾಗಿತ್ತು. ಎದ್ದು ಬಂದ ಪ್ರಭು, ಓಡಿಹೋಗಿದ್ದ ಶಿಷ್ಯರಿಗೆ ಮೊದಲು ಹೇಳಿದ್ದು ಶಾಂತಿಯ ಮಾತು. ಕೈಯಲ್ಲಿ ಗಾಯದ ಗುರುತು ಹಾಗೇ ಇತ್ತು. ಗಾಯವನ್ನು ಮರೆಮಾಚದೆ ಶಾಂತಿ ಕೊಟ್ಟರು.

ಮನನಕ್ಕೆ ಪ್ರಶ್ನೆಗಳು

1. ಹೋತದ ಬಲಿಗೂ ಯೇಸುಸ್ವಾಮಿಯ ಬಲಿಗೂ ಇರುವ ಮುಖ್ಯ ವ್ಯತ್ಯಾಸ ಏನು?
2. ಅರಸ ಸಾಲ ಮನ್ನಾ ಮಾಡಿದಾಗ ನಷ್ಟವನ್ನು ಹೊತ್ತವರು ಯಾರು? ನಿಮ್ಮ ಮನೆಯಲ್ಲಿ ನಿಮ್ಮನ್ನು ಕ್ಷಮಿಸಿ ನಷ್ಟ ಹೊತ್ತವರು ಯಾರು? ಅವರಿಗೆ ಒಂದು ಸಲವಾದರೂ ಕೃತಜ್ಞತೆ ಹೇಳಿದ್ದೀರಾ?
3. ಪಾಪನಿವೇದನೆ ಮಾಡಿದ ಮೇಲೂ ಹಿಂತಿರುಗಿಸದೆ ಉಳಿಸಿಕೊಂಡಿರುವುದು ಏನಾದರೂ ಇದೆಯೇ? ಅದನ್ನು ಯಾವ ದಿನ, ಯಾರ ಮೂಲಕ ಹಿಂತಿರುಗಿಸುವಿರಿ?
4. ರಾಣಿ ಮರಿಯ ಅವರ ತಂಗಿಯ ಜಾಗದಲ್ಲಿ ನೀವಿದ್ದಿದ್ದರೆ ಯಾವುದು ಹೆಚ್ಚು ಕಷ್ಟವಾಗುತ್ತಿತ್ತು, ಜೈಲಿನ ಬಾಗಿಲವರೆಗೆ ಹೋಗುವುದೋ, ಅಣ್ಣ ಎಂದು ಕರೆಯುವುದೋ?

ಪ್ರಾರ್ಥನೆ

ಕರುಣಾಮಯಿ ಪಿತನೇ, ನಮ್ಮ ತಪ್ಪಿನ ಭಾರವನ್ನು ನಿಮ್ಮ ಪುತ್ರರು ಹೊತ್ತರು. ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳುವ ಧೈರ್ಯ ಕೊಡಿರಿ. ಕಸಿದದ್ದನ್ನು ಹಿಂತಿರುಗಿಸುವ ಮನಸ್ಸು ಕೊಡಿರಿ. ನೊಂದವರಿಗೆ ನ್ಯಾಯ ಕೊಡಿರಿ, ನೋಯಿಸಿದವರಿಗೆ ಹೊಸ ಹೃದಯ ಕೊಡಿರಿ. ಶಿಲುಬೆಯ ಬಳಿ ನಿಂತ ಮಾತೆ ಮರಿಯಮ್ಮನವರೇ, ಹತ್ತುವಾಗಲೂ ಇಳಿಯುವಾಗಲೂ ನಮ್ಮ ಜೊತೆಗಿರಿ. ಆಮೆನ್.